ಮೊದಲ ನಾಯಿಯಾಗಿ ಕೇನ್ ಕೋರ್ಸೊ: ತಗೊಳ್ಳಬಹುದಾ?

ಹೊಸಬ: ಇದುವರೆಗೆ ನಾಯಿ ಸಾಕಿದವನಲ್ಲ. ಕೇನ್ ಕೋರ್ಸೊ ಅನ್ನೋ ದೊಡ್ಡ ಕಾವಲು ತಳಿಯ ಗಂಡು ಮರಿಯೊಂದನ್ನು ನೋಡಿಟ್ಟಿದ್ದೇನೆ. ಮನೆಯಲ್ಲಿ ನಾಲ್ಕು ವರ್ಷದ ಮಗಳು, ವಯಸ್ಸಾದ ಅಮ್ಮ ಇದ್ದಾರೆ. ನಾನು ಬೆಳಿಗ್ಗೆ ಹೋದರೆ ಬರೋದು ಸಂಜೆಗೆ. ಮನೆಗೆ ಕಾವಲಾಗಬೇಕು, ಮಗಳಿಗೆ ಜೊತೆಯೂ ಆಗಬೇಕು. 'ಚಿಕ್ಕಂದಿನಿಂದ ಪ್ರೀತಿಯಿಂದ ಬೆಳೆಸಿದರೆ ಏನೂ ಮಾಡಲ್ಲ' ಅಂತ ಮಾರುವವರು ಹೇಳ್ತಾರೆ. ಸಾಕಿ ಗೊತ್ತಿರುವವರು ಹೇಳಿ.

ಮೂರನೇ ರಾಟಿ: ಬೇಡ. ಬೆಳೆದ ಗಂಡು ಕೋರ್ಸೊ 45ರಿಂದ 50 ಕಿಲೋ ತೂಗುತ್ತೆ. ನೀವು ಮನೇಲಿಲ್ಲದಾಗ ಅದು ಗೇಟಿಗೆ ನುಗ್ಗಿದರೆ ಹಿಡಿಯೋರು ನಿಮ್ಮ ಅಮ್ಮನಾ? ಆರು ತಿಂಗಳ ಮರಿ ಬಂದವರಿಗೆಲ್ಲ ಬಾಲ ಅಲ್ಲಾಡಿಸುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಈ ತಳಿಗಳ ನಿಜ ಸ್ವಭಾವ ಕಾಣೋದು ಒಂದೂವರೆ, ಎರಡು ವರ್ಷ ದಾಟಿದ ಮೇಲೆ. ಮೂರನೇ ರಾಟ್‌ವೀಲರ್ ಸಾಕ್ತಾ ಇರೋನು ಹೇಳ್ತಿದ್ದೇನೆ. ಮೊದಲ ನಾಯಿಗೆ ಬೇರೇನಾದರೂ ನೋಡಿ.

ಹಸಿರುಕಣ್ಣು: 'ಈ ತಳಿಗಳ ನಿಜ ಸ್ವಭಾವ.' ಶುರುವಾಯ್ತು ನೋಡಿ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಓದಿದ್ದೀರಾ? 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ, ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಜೀನೋಮ್, ಅಂದರೆ ಪೂರ್ತಿ ವಂಶವಾಹಿ. ನಾಯಿ ನಾಯಿಗೂ ನಡುವೆ ಸ್ವಭಾವದಲ್ಲಿ ಇರೋ ವ್ಯತ್ಯಾಸಕ್ಕೆ ತಳಿ ಕಾರಣವಾಗೋದು ಸುಮಾರು ಶೇ. 9 ಮಾತ್ರ. ಉಳಿದದ್ದು?

ಪಕ್ಕದ ಮನೆಯವ: ಶೇ. 9 ಅನ್ನೋದನ್ನ ಕಚ್ಚಿಸಿಕೊಂಡವರ ಮುಂದೆ ಹೋಗಿ ಹೇಳಿ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಚ್ಚಿ ಸತ್ತ 238 ಪ್ರಕರಣ ತೆಗೆದು ನೋಡಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಮಾದರಿಯವು ಮತ್ತು ರಾಟ್‌ವೀಲರ್. ರಾಟಿಯವರೇ, ನಿಮ್ಮದೇ.

ಮೂರನೇ ರಾಟಿ: ನನ್ನದು ಯಾರಿಗೂ ಕಚ್ಚಿಲ್ಲ.

ಪಕ್ಕದ ಮನೆಯವ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂತೆ. ನಿಮ್ಮ ನಾಯಿ ಕಚ್ಚಿತು ಅಂತ ನಾನು ಅಂದ್ನಾ?

ಹಸಿರುಕಣ್ಣು: ಆ ವರದಿಯಲ್ಲೇ ಕನಿಷ್ಠ 25 ತಳಿಗಳ ಹೆಸರಿದೆ, ಅದನ್ನ ಯಾಕೆ ಬಿಟ್ರಿ? ಆಮೇಲೆ 2013ರಲ್ಲಿ ಬಂದ ಇನ್ನೊಂದು ಅಧ್ಯಯನ 2000ದಿಂದ 2009ರವರೆಗಿನ 256 ಸಾವುಗಳನ್ನ ಪೊಲೀಸ್ ತನಿಖೆಯ ಮಟ್ಟಕ್ಕೆ ಇಳಿದು ನೋಡಿತು. ತಳಿ ಇಂಥದ್ದೇ ಅಂತ ಖಚಿತವಾಗಿ ಹೇಳೋಕಾದದ್ದು ಶೇ. 17.6ರಲ್ಲಿ ಮಾತ್ರ. ಶೇ. 87ರಲ್ಲಿ ತಡೆಯೋ ಶಕ್ತಿ ಇರೋರು ಯಾರೂ ಹತ್ತಿರ ಇರಲಿಲ್ಲ. ಶೇ. 76ರಲ್ಲಿ ನಾಯಿಯನ್ನ ಮನೆಯವರ ಒಡನಾಟ ಇಲ್ಲದ ಹಾಗೆ ಬೇರೆ ಇಟ್ಟಿದ್ರು. ಇದು ಸಾಕೋರ ತಪ್ಪು, ತಳಿದಲ್ಲ.

ಮೂರನೇ ರಾಟಿ: 'ತಡೆಯೋ ಶಕ್ತಿ ಇರೋರು ಯಾರೂ ಇರಲಿಲ್ಲ.' ನಾನು ಅಮ್ಮನ ವಿಷಯ ಎತ್ತಿದ್ದು ಇದಕ್ಕೇ ಅಲ್ವಾ ಸ್ವಾಮಿ? ನನ್ನ ಪರವಾಗಿ ವಾದಿಸಿ ನನ್ನನ್ನೇ ಬೈತೀರಲ್ಲ.

ಕಬ್ಬಿಣದ ಸರಪಳಿ: ಲೆಕ್ಕ ಹಾಕೋರೇ ಎಲ್ಲ. ಇಂಥ ನಾಯಿಗೆ ಮನೇಲಿ ಯಜಮಾನ ಯಾರು ಅಂತ ಮೊದಲ ವಾರದಲ್ಲೇ ಗೊತ್ತಾಗಬೇಕು. ಗುರ್ ಅಂದ್ರೆ ಅಲ್ಲೇ ನೆಲಕ್ಕೆ ಒತ್ತಿ ಹಿಡೀರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಎರಡನೇ ಸಲ ಗುರ್ ಅನ್ನಲ್ಲ. ನಮ್ಮ ಡಾಬರ್ಮನ್ ಇವತ್ತಿಗೂ ನನ್ನ ಎದುರು ಉಸಿರೆತ್ತಲ್ಲ.

ಸೀಟಿ ಮೇಡಂ: ನಾಯಿ ಟ್ರೇನಿಂಗ್ ನನ್ನ ಕೆಲಸ, ಅದಕ್ಕೆ ಬಾಯಿ ಹಾಕ್ತಿದ್ದೇನೆ. ಗುರುಗುಟ್ಟೋದು ಎಚ್ಚರಿಕೆ. ಅದನ್ನ ಹೊಡೆದು ಅಡಗಿಸಿದರೆ ಕೋಪ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತೆ. ಮುಂದಿನ ಸಲ ನೇರ ಹಲ್ಲು. 2009ರಲ್ಲಿ ಪೆನ್ಸಿಲ್ವೇನಿಯಾದ ಪಶುವೈದ್ಯರು ಕೇಳಿ ದಾಖಲಿಸಿದ್ದಾರೆ: ನಾಯಿಗೆ ಹೊಡೆದ, ಒದ್ದ ಮಾಲೀಕರಲ್ಲಿ ಶೇ. 43 ಮಂದಿಗೆ ನಾಯಿ ತಿರುಗಿಬಿದ್ದಿತ್ತು. ನೆಲಕ್ಕೆ ಒತ್ತಿದವರಲ್ಲಿ ಶೇ. 31. ತೋಳಗಳ ಗುಂಪಿಗೊಬ್ಬ ಯಜಮಾನ ಅನ್ನೋ ಮಾತನ್ನ ಜನಪ್ರಿಯ ಮಾಡಿದ ತೋಳ ವಿಜ್ಞಾನಿ ಡೇವಿಡ್ ಮೀಚ್ ಅವರೇ 1999ರಲ್ಲಿ ಅದು ಸರಿಯಲ್ಲ, ಕಾಡಿನ ಗುಂಪು ಅಂದರೆ ಅಪ್ಪ ಅಮ್ಮ ಮರಿಗಳ ಸಂಸಾರ ಅಂತ ಬರೆದರು. ಹೊಸಬರೇ, ಮರಿ ತರೋದೇ ಆದರೆ ಬಂದವರು ಹೋದವರು, ಮಕ್ಕಳ ಗದ್ದಲ, ಗಾಡಿ ಸದ್ದು ಎಲ್ಲ 12 ವಾರದೊಳಗೆ ಹೆದರಿಸದೆ ಪರಿಚಯ ಮಾಡಿಸಿ. ಮಗಳ ಜೊತೆ ಒಂಟಿಯಾಗಿ ಬಿಡಲೇಬೇಡಿ. ಮಝಲ್, ಅಂದರೆ ಕಚ್ಚದ ಹಾಗೆ ಮೂತಿಗೆ ಹಾಕೋ ಕವಚ, ಅದರ ಅಭ್ಯಾಸವನ್ನ ಮರಿ ಇದ್ದಾಗಲೇ ಶುರು ಮಾಡಿ.

ಕಬ್ಬಿಣದ ಸರಪಳಿ: ಮಝಲ್!! ಮರಿಗೆ ಮಝಲ್! ಕಾವಲು ನಾಯಿಯ ಬಾಯಿ ಕಟ್ಟಿ ಏನು ಕಾವಲು ಕಾಯಿಸ್ತೀರಿ ಮೇಡಂ?

ಸೀಟಿ ಮೇಡಂ: ಇಡೀ ದಿನ ಹಾಕಿ ಅಂದೆನಾ? ಅಭ್ಯಾಸ ಅಂದೆ. ಬುಟ್ಟಿಯೊಳಗೆ ತಿಂಡಿ ಇಟ್ಟು ತಾನಾಗೇ ಮೂತಿ ತೂರಿಸೋ ಹಾಗೆ ಮಾಡೋದು. ನಾಳೆ ಕಾಲು ಮುರಿದು ಡಾಕ್ಟರ ಹತ್ರ ಹೋದಾಗ ಎಂಥಾ ಸಾಧು ನಾಯಿಯೂ ನೋವಿಗೆ ಕಚ್ಚುತ್ತೆ. ಅವತ್ತು ಮೊದಲ ಸಲ ಮಝಲ್ ತೋರಿಸಿದರೆ ಆಯ್ತು ಕಥೆ.

ಚಿಲ್ಲರೆ ಮಾತು: ಈ ಚರ್ಚೆಗೆ ಬರೋರಿಗೂ ಒಂದೊಂದು ಕೊಡಿ.

ಹಸಿರುಕಣ್ಣು: ಮಝಲ್ ಹಾಕಿದ ನಾಯಿ ನೋಡಿದ ಕೂಡಲೇ ಜನ 'ಇದು ಕಚ್ಚೋ ನಾಯಿ' ಅಂತ ತೀರ್ಮಾನಿಸ್ತಾರೆ. ಮೇಡಂ, ನೀವೇ ಆ ತಳಿಗೆ ಹಣೆಪಟ್ಟಿ ಹಚ್ತಿದ್ದೀರಿ.

ಪಕ್ಕದ ಮನೆಯವ: ಹಚ್ಚಲಿ ಬಿಡಿ. ಹೆದರಿ ದೂರ ಹೋದರೆ ನಿಮಗೇನು ನಷ್ಟ? ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್‌ನಲ್ಲಿ ಎಕ್ಸ್‌ಎಲ್ ಬುಲ್ಲಿ ಅನ್ನೋ ದೊಡ್ಡ ತಳಿ ಸಾಕೋಕೆ 2024ರ ಫೆಬ್ರವರಿ 1ರಿಂದ ಪ್ರಮಾಣಪತ್ರ ಬೇಕು. ಹೊರಗೆ ಬಂದರೆ ಮಝಲ್ ಮತ್ತು ಲೀಶ್ ಎರಡೂ ಕಡ್ಡಾಯ. ಮೈಕ್ರೋಚಿಪ್, ಸಂತಾನಹರಣ, ವಿಮೆ ಕೂಡ. ಅಲ್ಲಿನವರು ದಡ್ಡರಾ?

ಹಸಿರುಕಣ್ಣು: ಅದೇ ದೇಶ 1991ರಿಂದ ತಳಿ ನಿಷೇಧ ಮಾಡ್ತಾ ಬಂದಿದೆ. ಪಿಟ್‌ಬುಲ್, ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ. ಅಷ್ಟಾದ ಮೇಲೂ ಹೊಸ ತಳಿ ಸೇರಿಸಬೇಕಾಯ್ತು ಅಂದ್ರೆ ಆ ಕಾನೂನು ಏನು ಸಾಧಿಸಿತು? ನೆದರ್‌ಲ್ಯಾಂಡ್ಸ್ 1993ರಲ್ಲಿ ತಂದ ನಿಷೇಧವನ್ನ 2008ರಲ್ಲಿ ತೆಗೆದು ಹಾಕ್ತು.

ಪಕ್ಕದ ಮನೆಯವ: ನಾನು ಕೇಳಿದ್ದು ಮಝಲ್ ಬಗ್ಗೆ, ನೀವು ನೆದರ್‌ಲ್ಯಾಂಡ್ಸ್‌ಗೆ ಹೋದ್ರಿ.

ಮೂರನೇ ರಾಟಿ: ಮಝಲ್‌ನಿಂದ ಇನ್ನೊಂದು ಅಪಾಯ ಇದೆ, ಯಾರೂ ಹೇಳಲ್ಲ. ಹಾಕಿದ ಧೈರ್ಯಕ್ಕೆ ಲೀಶ್ ಸಡಿಲ ಬಿಡ್ತಾರೆ. 50 ಕಿಲೋ ನಾಯಿ ತಂತಿ ಬುಟ್ಟಿ ಸಮೇತ ಎದೆಗೆ ಗುದ್ದಿದರೆ ಮುದುಕರು ಮೇಲೇಳಲ್ಲ. ನನಗೆ ಕೈಯಲ್ಲಿ ಲೀಶ್ ಇದ್ದರೆ ಸಾಕು, ಮಝಲ್ ಬೇಡ.

ಸೀಟಿ ಮೇಡಂ: 'ಲೀಶ್ ಇದ್ದರೆ ಸಾಕು' ಅನ್ನೋದು ಕೊಕ್ಕೆ ಕಿತ್ತು ಬರೋವರೆಗೆ.

ಮೂರನೇ ರಾಟಿ: ಇಷ್ಟು ವರ್ಷದಲ್ಲಿ ನನ್ನದು ಕಿತ್ತಿಲ್ಲ.

ಸೀಟಿ ಮೇಡಂ: ಕಿತ್ತ ದಿನ ಬಂದು ಹೇಳಿ.

ಕಬ್ಬಿಣದ ಸರಪಳಿ: ಮೇಡಂ ಸೋತ್ರು 😂 ಅದೂ ಅಲ್ಲದೆ ಬಿಸಿಲಲ್ಲಿ ಮಝಲ್ ಹಾಕಿದರೆ ನಾಯಿ ಸತ್ತೇ ಹೋಗುತ್ತೆ. ನನ್ನ ಸ್ನೇಹಿತನದು ಕುಸಿದು ಬಿದ್ದಿತ್ತು.

ಸೀಟಿ ಮೇಡಂ: ಯಾವ ಮಝಲ್? ಬಾಯಿ ಬಿಗಿದು ಕಟ್ಟೋ ಬಟ್ಟೆಯದ್ದಾ?

ಕಬ್ಬಿಣದ ಸರಪಳಿ: ಬಟ್ಟೆಯದ್ದೇ. ಅದಕ್ಕೇನೀಗ?

ಸೀಟಿ ಮೇಡಂ: ಅದಕ್ಕೇನೀಗ ಅಂದ್ರೆ? ನಾಯಿ ಮೈ ತಣ್ಣಗಾಗಿಸಿಕೊಳ್ಳೋದೇ ಬಾಯಿ ತೆರೆದು ತೇಕಿ. ಬಟ್ಟೆಯದ್ದು ಡಾಕ್ಟರ ಮೇಜಿನ ಮೇಲೆ ಎರಡು ನಿಮಿಷಕ್ಕೆ. ಹೊರಗೆ ಹೋಗೋಕೆ ಬುಟ್ಟಿ ಮಝಲ್. ಒಳಗೆ ಬಾಯಿ ಅಗಲವಾಗಿ ತೆರೆಯೋಕೆ ಆಗಬೇಕು, ನೀರು ಕುಡಿಯೋಕೆ ಆಗಬೇಕು, ಮೂಗಿನ ತುದಿಗೆ ತಾಗಬಾರದು. ನಿಮ್ಮ ಸ್ನೇಹಿತ ಮಾಡಿದ್ದಕ್ಕೆ ಮಝಲ್ ಯಾಕೆ ಬೈಸಿಕೊಳ್ಳಬೇಕು?

ಕಬ್ಬಿಣದ ಸರಪಳಿ: ಸ್ನೇಹಿತನ ವಿಷಯಕ್ಕೆ ಬರಬೇಡಿ. ನಿಮ್ಮಂಥೋರು ಬಿಸ್ಕತ್ತು ತೋರಿಸಿ ನಾಯಿಗಳನ್ನ ಹಾಳು ಮಾಡಿದ್ದೀರಿ. ನಾನು ನಮ್ಮದಕ್ಕೆ ಮನೇಲೇ ಕಚ್ಚೋ ಟ್ರೇನಿಂಗ್ ಕೊಟ್ಟಿದ್ದೀನಿ, ಗೋಣಿ ಸುತ್ತಿಕೊಂಡು. ಹಿಡಿದರೆ ಬಿಡಲ್ಲ.

ಮೂರನೇ ರಾಟಿ: 'ಹಿಡಿದರೆ ಬಿಡಲ್ಲ' ಅಂತ ಹೆಮ್ಮೆ ಬೇರೆ! ಐಜಿಪಿ ಅಂತ ಕಾವಲು ನಾಯಿಗಳ ಸ್ಪರ್ಧೆ ಇದೆ, ಅಲ್ಲಿ ಹೇಳಿದಾಗ ಕಚ್ಚಿದ ತೋಳಿನ ಕವಚ ಬಿಡದ ನಾಯಿಯನ್ನ ಹೊರಗೆ ಕಳಿಸ್ತಾರೆ ಗುರು. ಅದಕ್ಕೆ ಸೇರೋ ಮುಂಚೆ ಬಿಎಚ್ ಪರೀಕ್ಷೆ ಪಾಸಾಗಬೇಕು. ಜನರ ನಡುವೆ, ಬೇರೆ ನಾಯಿಗಳ ನಡುವೆ ಸುಮ್ಮನೆ ನಡೆಯುತ್ತಾ ಅಂತ ನೋಡ್ತಾರೆ. ಬಿಡೋದು ಕಲಿಸದೆ ಹಿಡಿಯೋದು ಕಲಿಸೋದು ಕೋತಿಗೆ ಹೆಂಡ ಕುಡಿಸಿದ ಹಾಗೆ.

ಕಬ್ಬಿಣದ ಸರಪಳಿ: ಕಳ್ಳ ಬಂದಾಗ ನಿಮ್ಮದು ಸರ್ಟಿಫಿಕೇಟ್ ತೋರಿಸಲಿ.

ಪಕ್ಕದ ಮನೆಯವ: ಗೋಣಿ ಸುತ್ತಿಕೊಂಡವರೆಲ್ಲ ಅದಕ್ಕೆ ಕಚ್ಚಬಹುದಾದವರೇ ಆಗಿ ಕಾಣ್ತಾರೆ. ನಾಳೆ ಕೊರಿಯರ್ ತರೋ ಹುಡುಗ ಹೆಗಲಿಗೆ ಚೀಲ ಹಾಕ್ಕೊಂಡು ಬರ್ತಾನೆ.

ಹಸಿರುಕಣ್ಣು: ಇದನ್ನ ನೋಡಿ. ಕಚ್ಚೋಕೆ ಕಲಿಸಿದ್ದು ಮನುಷ್ಯ, ನಿಷೇಧ ತಳಿಗೆ.

ಪಕ್ಕದ ಮನೆಯವ: ಬ್ರಿಟನ್ನಿನ ಅದೇ ಕಾನೂನಿನ ಮೂರನೇ ಸೆಕ್ಷನ್ ಯಾವ ತಳಿಯ ನಾಯಿಯಾದರೂ ಅಂಕೆ ತಪ್ಪಿ ಅಪಾಯಕಾರಿಯಾದರೆ ಮಾಲೀಕನನ್ನೇ ಹಿಡಿಯುತ್ತೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2014ರಿಂದ ಸ್ವಂತ ಮನೆಯೊಳಗೂ. ಅದನ್ನ ನೀವು ಹೇಳಲೇ ಇಲ್ಲ.

ಹಸಿರುಕಣ್ಣು: ಅದು ನನ್ನ ವಾದಕ್ಕೇ ಬಲ.

ಪಕ್ಕದ ಮನೆಯವ: ಹಾಗಾದರೆ ಮಝಲ್ ಹಾಕಿ.

ಹೊಸಬ: ಎಲ್ಲರಿಗೂ ಧನ್ಯವಾದ. ಬುಟ್ಟಿ ಮಝಲ್ ಮರಿಯ ಅಳತೆಗೂ ಸಿಗುತ್ತಾ? ಅಂದಹಾಗೆ, ಅಡ್ವಾನ್ಸ್ ಕೊಟ್ಟಾಗಿದೆ.

ಸೀಟಿ ಮೇಡಂ: ಬೆಳೀತಾ ಬೆಳೀತಾ ಬದಲಾಯಿಸಬೇಕು. ಅದಿರಲಿ, ಮರಿಗೆ ಎಷ್ಟು ವಾರ? ತಾಯಿನಾಯಿ ನೋಡಿದ್ರಾ?

ಹೊಸಬ: ಐದು ವಾರ ಅಂದ್ರು. ತಾಯಿ ಹತ್ರ ಹೊಸಬರು ಹೋಗೋಕಾಗಲ್ಲ, ಹಿಂದೆ ಕಟ್ಟಿಹಾಕಿದೆ ಅಂದ್ರು.

ಮೂರನೇ ರಾಟಿ: ಹೊಸಬರನ್ನ ಹತ್ತಿರ ಬಿಡದ ತಾಯಿ, ಎಂಟು ವಾರ ತುಂಬದ ಮರಿ, ಹಗಲೆಲ್ಲ ನೀವಿಲ್ಲದ ಮನೆ. ಅಡ್ವಾನ್ಸ್ ಹೋದರೆ ಹೋಗಲಿ, ಬಿಟ್ಟುಬಿಡಿ ಮಾರಾಯ್ರೇ.

ಹಸಿರುಕಣ್ಣು: ತಾಯಿಯನ್ನ ಕಟ್ಟಿಹಾಕಿದ್ದಕ್ಕೇ ಅದು ಹಾಗಾಗಿರಬಹುದು. ಅದೂ ತಳಿಯ ಲೆಕ್ಕಕ್ಕಾ?

ಮೂರನೇ ರಾಟಿ: ಯಾರು ಅಂದ್ರು ಈಗ ತಳಿ ಅಂತ?

ಕಬ್ಬಿಣದ ಸರಪಳಿ: ಹೊಸಬರೇ, ನಿಮಗೆ ಬೇಡ ಅಂದ್ರೆ ಮಾರುವವರ ನಂಬರ್ ನನಗೆ ಮೆಸೇಜ್ ಮಾಡಿ. ಅಂಥ ತಾಯಿಯ ಮರಿ ಹುಡುಕ್ತಾನೇ ಇದ್ದೆ.