ಬಗ್‌ಗಳಿರುವ ಹಳೆಯ ಶೈಲಿಯ ಶೂಟರ್: ಈಗಲೇ ಆಡಬೇಕೇ, ಪ್ಯಾಚ್ ಬರುವವರೆಗೆ ಕಾಯಬೇಕೇ?

ಪ್ರಶ್ನೆ

1990ರ ದಶಕದ ಡೂಮ್, ಕ್ವೇಕ್ ಗೇಮ್‌ಗಳ ಜಾಡಿನಲ್ಲಿ ಒಬ್ಬರೇ ಡೆವಲಪರ್ ತಯಾರಿಸಿರುವ ಫಸ್ಟ್ ಪರ್ಸನ್ ಶೂಟರ್ (ಪಾತ್ರದ ಕಣ್ಣಿನಿಂದಲೇ ನೋಡುತ್ತ ಗುಂಡು ಹಾರಿಸುವ ಗೇಮ್) ಒಂದನ್ನು ಆಡುತ್ತಿದ್ದೇನೆ. ದಪ್ಪ ಪಿಕ್ಸೆಲ್‌ಗಳ ಶತ್ರುಗಳು, ಬಣ್ಣದ ಕೀಲಿ ಹುಡುಕಿ ತೆರೆಯಬೇಕಾದ ಬಾಗಿಲುಗಳು, ಗೋಡೆಗಳ ಹಿಂದಿನ ಗುಪ್ತ ಕೋಣೆಗಳು, ಎಲ್ಲವೂ ಮನಸ್ಸಿಗೆ ಹಿಡಿಸಿವೆ. ಶಾಟ್‌ಗನ್ನಿನ ಸದ್ದು ಮತ್ತು ಗುಂಡು ತಗುಲಿದ ಶತ್ರು ಹಿಂದಕ್ಕೆ ಹಾರಿ ಬೀಳುವ ರೀತಿ ಕೊಡುವ ತೃಪ್ತಿ ದೊಡ್ಡ ಬಜೆಟ್ಟಿನ ಎಷ್ಟೋ ಗೇಮ್‌ಗಳಲ್ಲಿ ನನಗೆ ಸಿಕ್ಕಿಲ್ಲ. ಆದರೆ ಬಗ್‌ಗಳಿಗೆ, ಅಂದರೆ ಪ್ರೋಗ್ರಾಮಿನ ದೋಷಗಳಿಗೆ, ಲೆಕ್ಕವಿಲ್ಲ. ಮೇಲೇರುತ್ತಿರುವ ಲಿಫ್ಟಿನ ನೆಲದ ಮೂಲಕವೇ ಕೆಲವೊಮ್ಮೆ ಕೆಳಗೆ ಬೀಳುತ್ತೇನೆ. ಶತ್ರುಗಳು ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ನಿಂತಲ್ಲೇ ಓಡುತ್ತಿರುತ್ತಾರೆ. ಕೆಂಪು ಕೀಲಿ ಸಿಕ್ಕ ಮೇಲೆ ಸೇವ್ ಮಾಡಿ ಮತ್ತೆ ಲೋಡ್ ಮಾಡಿದರೆ ಕೀಲಿಯೇ ಇರುವುದಿಲ್ಲ. ಇದನ್ನು ಹೀಗೆಯೇ ಆಡಿ ಮುಗಿಸುವುದು ಒಳ್ಳೆಯದೇ, ಅಥವಾ ದೋಷಗಳನ್ನು ಸರಿಪಡಿಸುವ ಪ್ಯಾಚ್‌ಗಾಗಿ ಕಾಯುವುದು ಸರಿಯೇ?

ಉತ್ತರ

ಆಡಿ ಎಂದೇ ಹೇಳುತ್ತೇನೆ, ಆದರೆ ಎಲ್ಲ ಬಗ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಈ ಪ್ರಕಾರದ ಸೊಗಸಿನಲ್ಲಿ ಒಂದು ಪಾಲು ಬಗ್‌ಗಳಿಂದಲೇ ಬಂದದ್ದು. 1993ರ ಡೂಮ್‌ನಲ್ಲಿ ಗೇಮ್‌ನದೇ ಮಾನದಲ್ಲಿ ಮುಂದಕ್ಕೆ ಓಡುವ ವೇಗ 50, ಪಕ್ಕಕ್ಕೆ ಸರಿಯುವ ವೇಗ 40. ಎರಡು ಕೀಗಳನ್ನೂ ಒಟ್ಟಿಗೆ ಒತ್ತಿದಾಗ ಗೇಮ್ ಅವುಗಳಿಗೆ ಮಿತಿ ಹಾಕದೆ ಕೂಡಿಸುವುದರಿಂದ ಓರೆಯಾಗಿ ಓಡುವವರ ವೇಗ ಸುಮಾರು 64ಕ್ಕೆ ಏರುತ್ತದೆ. ಸ್ಪೀಡ್‌ರನ್ ಮಾಡುವವರ, ಅಂದರೆ ಗೇಮನ್ನು ಆದಷ್ಟು ಬೇಗ ಮುಗಿಸಲು ಪೈಪೋಟಿ ನಡೆಸುವವರ, ಕೌಶಲದ ದೊಡ್ಡ ಪಾಲು ಇದರ ಮೇಲೆಯೇ ಬೆಳೆದಿದೆ. ಅದೇ ಗೇಮ್‌ನಲ್ಲಿ ರಾಕ್ಷಸರ ಎತ್ತರಕ್ಕೆ ಕೊನೆಯೇ ಇಲ್ಲ: ನೀವು ಎಷ್ಟೇ ಎತ್ತರದ ಅಂಚಿನಲ್ಲಿದ್ದರೂ ಕೆಳಗೆ ನಿಂತಿರುವ ರಾಕ್ಷಸನ ತಲೆಯ ಮೇಲಿಂದ ದಾಟಿ ಹೋಗಲಾಗುವುದಿಲ್ಲ. ಇದು ದೋಷವೇ ಸರಿ, ಆದರೂ ಆಟಗಾರರು ಅದನ್ನು ಅರಿತು ಆಡಿದರು. ಬಾಗಿಲಲ್ಲಿ ಸಿಕ್ಕಿಕೊಳ್ಳುವ ಶತ್ರುಗಳೂ ಈ ಜಾತಿಗೆ ಸೇರಿದವರೇ. ಕೀಲಿ ನುಂಗುವ ಸೇವ್ ಹಾಗಲ್ಲ. ಅದು ನೀವು ಶ್ರಮಪಟ್ಟು ಗಳಿಸಿದ್ದನ್ನೇ ಕಸಿದುಕೊಳ್ಳುತ್ತದೆ, ಅದಕ್ಕೆ ರಿಯಾಯಿತಿ ಕೊಡಬೇಕಾಗಿಲ್ಲ. ಸದ್ಯಕ್ಕೆ ಲೆವೆಲ್‌ನ ಆರಂಭದಲ್ಲಿ ಮಾತ್ರ, ಬೇರೆ ಬೇರೆ ಸ್ಲಾಟ್‌ಗಳಲ್ಲಿ ಸೇವ್ ಮಾಡಿಕೊಳ್ಳಿ.

ಇನ್ನೊಂದು ಉತ್ತರ

ಲಿಫ್ಟಿನ ಸಮಸ್ಯೆಗೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು (ಫ್ರೇಮ್‌ಗಳು) ಪರದೆಯ ಮೇಲೆ ಮೂಡುತ್ತವೆ ಎಂಬುದು, ಕಾರಣವಿರಬಹುದು. ಡೂಮ್ ತನ್ನ ಲೆಕ್ಕಾಚಾರವನ್ನು ಸೆಕೆಂಡಿಗೆ 35 ಬಾರಿ ಎಂದು ನಿಗದಿ ಮಾಡಿಕೊಂಡಿತ್ತು. ಎಲ್ಲ ಗೇಮ್‌ಗಳೂ ಹಾಗಿಲ್ಲ. ಚಲನೆಯ ಲೆಕ್ಕವನ್ನು ಫ್ರೇಮ್‌ಗೆ ಕಟ್ಟಿಹಾಕಿದರೆ ಕಂಪ್ಯೂಟರ್ ವೇಗವಾದಂತೆಲ್ಲ ಫಲಿತಾಂಶವೂ ಬದಲಾಗುತ್ತದೆ. ಕ್ವೇಕ್ 3ರಲ್ಲಿ ಸೆಕೆಂಡಿಗೆ 125 ಫ್ರೇಮ್‌ಗಳಲ್ಲಿ ಆಡಿದವರು ಸ್ವಲ್ಪ ಹೆಚ್ಚು ಎತ್ತರಕ್ಕೆ ನೆಗೆಯುತ್ತಿದ್ದುದು ದಶಮಾಂಶಗಳನ್ನು ಪೂರ್ಣಾಂಕಕ್ಕೆ ಇಳಿಸುವ ಇಂಥದೇ ಒಂದು ಲೆಕ್ಕದಿಂದ. ಫ್ರೇಮ್ ರೇಟನ್ನು 60ಕ್ಕೆ ಮಿತಿಗೊಳಿಸಿ ನೋಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. 60ಕ್ಕೆ ಇಳಿಸಿದ ಮೇಲೆ ಲಿಫ್ಟಿನಿಂದ ಬಿದ್ದಿಲ್ಲ. ಕೀಲಿಯ ತೊಂದರೆ ಮಾತ್ರ ಹಾಗೆಯೇ ಇದೆ, ಡೆವಲಪರ್‌ಗೆ ಬರೆಯುತ್ತೇನೆ. ನಾಲ್ಕನೆಯ ಲೆವೆಲ್‌ನಲ್ಲಿ ಮೂಲೆಗೆ ಒತ್ತಿ ನಿಂತು ಪೀಪಾಯಿಯನ್ನು ಸ್ಫೋಟಿಸಿದರೆ ಗೋಡೆಯ ಆಚೆಗೆ ಎಸೆಯಲ್ಪಟ್ಟು ಅರ್ಧ ಲೆವೆಲ್ ದಾಟಬಹುದು. ಅದು ಬಗ್ ಎಂದು ಗೊತ್ತಿದ್ದರೂ ಅದನ್ನು ಯಾರೂ ಸರಿಪಡಿಸದಿರಲಿ ಎಂದು ನನ್ನ ಆಸೆ.

ಉತ್ತರ

ಹಾಗಿದ್ದರೆ ಆ ಮಾತನ್ನೂ ಅದೇ ಪತ್ರದಲ್ಲಿ ಬರೆಯಿರಿ. ಗೇಮ್‌ನ ಆವೃತ್ತಿ, ಕೀಲಿ ಕಳೆದುಹೋಗುವ ಮುನ್ನ ನೀವು ಮಾಡಿದ್ದೇನು ಎಂಬುದರ ಕ್ರಮ, ಮತ್ತು ಆ ಸೇವ್ ಫೈಲ್, ಇವು ಮೂರೂ ಇದ್ದರೆ ಡೆವಲಪರ್‌ಗೆ ದೋಷವನ್ನು ಹಿಡಿಯುವುದು ಸುಲಭ. ಒಬ್ಬರೇ ಕೆಲಸ ಮಾಡುವವರು ಲಿಫ್ಟಿಗಾಗಿ ಡಿಕ್ಕಿಯ ಕೋಡನ್ನು (ವಸ್ತುಗಳು ಒಂದಕ್ಕೊಂದು ತಾಗುವುದನ್ನು ಲೆಕ್ಕ ಹಾಕುವ ಭಾಗವನ್ನು) ಬದಲಾಯಿಸುವಾಗ ಪೀಪಾಯಿಯ ಜಿಗಿತವೂ ತಿಳಿಯದೆಯೇ ಅಳಿದುಹೋಗಬಹುದು. ಅದನ್ನು ಇಷ್ಟಪಡುವ ಆಟಗಾರರಿದ್ದಾರೆ ಎಂಬುದು ಅವರಿಗೆ ಮೊದಲೇ ತಿಳಿದಿರಲಿ.