ಯೂರೋ ಟ್ರಕ್ 2ಕ್ಕೆ ಐರಾವತ ಬಸ್ ಮಾಡ್: ರಾರ್ ಒಳಗೆ ಸೆಟಪ್ ಫೈಲ್ ಇದೆ, ಓಡಿಸಬಹುದಾ?

ಶಿರಾಡಿಘಾಟ್

ಎಲ್ಲರಿಗೂ ನಮಸ್ಕಾರ. ಯೂರೋ ಟ್ರಕ್ ಸಿಮ್ಯುಲೇಟರ್ 2 ಆಟಕ್ಕೆ ನಮ್ಮ ಕೆಎಸ್‌ಆರ್‌ಟಿಸಿ ಐರಾವತ ಬಸ್ಸಿನ ಮಾಡ್ (ಆಟಕ್ಕೆ ಹೊರಗಿನವರು ಮಾಡಿ ಸೇರಿಸುವ ಭಾಗ) ಬೇಕಿತ್ತು. ಒಂದು ವಿಡಿಯೋದ ಕೆಳಗೆ ಲಿಂಕ್ ಇತ್ತು, ಎರಡು ಮೂರು ಜಾಹೀರಾತು ಪುಟ ದಾಟಿದ ಮೇಲೆ 38 ಎಂಬಿಯ ರಾರ್ ಫೈಲ್ (ಕುಗ್ಗಿಸಿ ಕಟ್ಟಿದ ಗಂಟು) ಇಳಿಯಿತು. ಪಾಸ್‌ವರ್ಡ್ 1234. ಬಿಚ್ಚಿದರೆ ಒಳಗೆ ಎರಡೇ ಫೈಲ್: 742 ಎಂಬಿಯ ಒಂದು ಸೆಟಪ್ ಇಎಕ್ಸ್‌ಇ, ಜೊತೆಗೊಂದು ರೀಡ್‌ಮೀ. ವಿಂಡೋಸ್‌ನ ಆ್ಯಂಟಿವೈರಸ್ ಡಿಫೆಂಡರ್ ಆಫ್ ಮಾಡಿ, ಆಮೇಲೆ ರನ್ ಆ್ಯಸ್ ಅಡ್ಮಿನ್ ಕೊಡಿ, ವೈರಸ್ ಅಂತ ತೋರಿಸಿದರೆ ಅದು ಫಾಲ್ಸ್ ಪಾಸಿಟಿವ್ (ಸುಳ್ಳು ಎಚ್ಚರಿಕೆ) ಅಂತ ರೀಡ್‌ಮೀಯಲ್ಲಿ ಬರೆದಿದ್ದಾರೆ. ಫೈಲನ್ನು ಹಲವು ಆ್ಯಂಟಿವೈರಸ್‌ಗಳಿಂದ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತಿದೆ. ಇನ್ನೂ ಓಡಿಸಿಲ್ಲ. ಓಡಿಸಬಹುದಾ? ಒಟ್ಟಾರೆ ಮಾಡ್ ಇಳಿಸುವಾಗ ಏನೇನು ನೋಡಿಕೊಳ್ಳಬೇಕು?

ಗೇರ್‌ಬಾಕ್ಸ್

ಓಡಿಸಬೇಡಿ. ಶಿಫ್ಟ್ ಡಿಲೀಟ್ ಒತ್ತಿ ಅಳಿಸಿಬಿಡಿ. ನೀವು ಬರೆದಿರುವ ಸಾಲುಗಳಲ್ಲೇ ಉತ್ತರ ಇದೆ, ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ಅಳತೆ ನೋಡಿ. ರಾರ್ 38 ಎಂಬಿ, ಒಳಗಿನ ಫೈಲ್ 742 ಎಂಬಿ. ಬಸ್ಸಿನ ಟೆಕ್ಸ್‌ಚರ್, ಸೌಂಡ್ ಇವೆಲ್ಲ ಇಷ್ಟೊಂದು ಕುಗ್ಗುವ ಸಾಮಾನೇ ಅಲ್ಲ. ಹೀಗೆ ಇಪ್ಪತ್ತು ಪಾಲು ಕುಗ್ಗುವುದು ಬರೀ ಸೊನ್ನೆ ತುಂಬಿದ ಜಾಗ. ವೈರಸ್‌ಟೋಟಲ್ 650 ಎಂಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ, ಎಷ್ಟೋ ಆ್ಯಂಟಿವೈರಸ್‌ಗಳೂ ದೊಡ್ಡ ಫೈಲನ್ನು ಪೂರ್ತಿ ಓದದೆ ಬಿಡುತ್ತವೆ. ಆ ಗೆರೆ ದಾಟಲೆಂದೇ ಚಿಕ್ಕ ಪ್ರೋಗ್ರಾಮಿನ ಬಾಲಕ್ಕೆ ನೂರಾರು ಎಂಬಿ ಸೊನ್ನೆ ಕಟ್ಟುತ್ತಾರೆ.

ಪಾಸ್‌ವರ್ಡೂ ಅದಕ್ಕೇ. ಪಕ್ಕದಲ್ಲೇ ಬರೆದಿಟ್ಟ 1234ರಿಂದ ಯಾರಿಂದ ಏನು ಕಾಪಾಡಿದ ಹಾಗಾಯಿತು? ಬೀಗ ಹಾಕಿದ್ದರೆ ಬ್ರೌಸರ್ ಆಗಲಿ ಗೂಗಲ್ ಡ್ರೈವ್ ಆಗಲಿ ಒಳಗೆ ಇಣುಕಲು ಆಗುವುದಿಲ್ಲ, ಅಷ್ಟೇ ಲೆಕ್ಕ. ಇನ್ನು ಡಿಫೆಂಡರ್ ಆಫ್ ಮಾಡಿ ಅನ್ನುವ ಸಾಲು ಕಂಡ ಕೂಡಲೇ ಬೇರೇನೂ ಯೋಚಿಸದೆ ಹೊರಗೆ ಬರಬೇಕು.

ಎಲ್ಲಕ್ಕಿಂತ ದೊಡ್ಡ ಮಾತು: ಈ ಆಟದ ಬಸ್ ಮಾಡ್‌ಗೆ ಸೆಟಪ್ ಬೇಕಾಗಿಯೇ ಇಲ್ಲ. ಬಸ್ ಮಾಡ್ ಅನ್ನುವುದು ಪ್ರೋಗ್ರಾಮ್ ಅಲ್ಲ, ಸಾಮಾನಿನ ಗಂಟು. ಎಸ್‌ಸಿಎಸ್ ಅನ್ನುವ ಎಕ್ಸ್‌ಟೆನ್ಷನ್ (ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರದ ಭಾಗ) ಇರುವ ಒಂದೇ ಫೈಲ್. ಡಾಕ್ಯುಮೆಂಟ್ಸ್ ಒಳಗೆ ಯೂರೋ ಟ್ರಕ್ ಸಿಮ್ಯುಲೇಟರ್ 2 ಫೋಲ್ಡರ್, ಅದರೊಳಗೆ ಮಾಡ್ ಅನ್ನುವ ಫೋಲ್ಡರ್. ಫೈಲನ್ನು ಅಲ್ಲಿ ಹಾಕಿ, ಆಟ ತೆರೆದು, ಮಾಡ್ ಮ್ಯಾನೇಜರ್‌ನಲ್ಲಿ ಎಡಗಡೆಯಿಂದ ಬಲಗಡೆಗೆ ತಂದರೆ ಕೆಲಸ ಮುಗಿಯಿತು. ಎಲ್ಲೂ ಡಬಲ್ ಕ್ಲಿಕ್ ಇಲ್ಲ, ಅಡ್ಮಿನ್ ಕೇಳುವುದಿಲ್ಲ.

ಫೈಲ್ ನಿಜಕ್ಕೂ ಎಸ್‌ಸಿಎಸ್ ಹೌದಾ ಅಂತ ನೋಡುವುದು ಹೀಗೆ. ವಿಂಡೋಸ್ ಮೊದಲಿನಿಂದಲೂ ಎಕ್ಸ್‌ಟೆನ್ಷನ್ ಮುಚ್ಚಿಟ್ಟಿರುತ್ತದೆ, ಹಾಗಾಗಿ ‘ಐರಾವತ ಡಾಟ್ ಎಸ್‌ಸಿಎಸ್ ಡಾಟ್ ಇಎಕ್ಸ್‌ಇ’ ಅನ್ನುವುದು ನಿಮ್ಮ ಕಣ್ಣಿಗೆ ‘ಐರಾವತ ಡಾಟ್ ಎಸ್‌ಸಿಎಸ್’ ಅಂತಷ್ಟೇ ಕಾಣುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡಿ. ಆಮೇಲೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಗಂಟು ಬಿಚ್ಚುವ 7-ಜಿಪ್ ಪ್ರೋಗ್ರಾಮಿನ ಓಪನ್ ಆರ್ಕೈವ್ ಕೊಡಿ. ಹೆಚ್ಚಿನ ಎಸ್‌ಸಿಎಸ್ ಫೈಲ್‌ಗಳು ಹೆಸರು ಬದಲಿಸಿದ ಜಿಪ್‌ಗಳೇ. ಒಳಗೆ ಡೆಫ್, ವೆಹಿಕಲ್, ಮಟೀರಿಯಲ್, ಸೌಂಡ್ ಅನ್ನುವ ಫೋಲ್ಡರ್‌ಗಳು, ಜೊತೆಗೆ ಮ್ಯಾನಿಫೆಸ್ಟ್ ಎಸ್‌ಐಐ ಅನ್ನುವ ಸಣ್ಣ ಪಠ್ಯದ ಫೈಲ್ ಇರಬೇಕು. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮಾಡ್ ಹೆಸರು, ಮಾಡಿದವರ ಹೆಸರು, ಹೊಂದುವ ಆಟದ ಆವೃತ್ತಿ ಸಿಗುತ್ತವೆ. 7-ಜಿಪ್‌ನಲ್ಲಿ ತೆರೆಯದಿದ್ದರೆ ಗಾಬರಿ ಬೇಡ, ಆಟದವರದ್ದೇ ಇನ್ನೊಂದು ಕಟ್ಟುವ ವಿಧಾನ ಇದೆ. ಅಂಥ ಫೈಲಿನ ಮೊದಲ ನಾಲ್ಕು ಅಕ್ಷರ ಎಸ್ ಸಿ ಎಸ್ ಮತ್ತು ಹ್ಯಾಶ್ ಚಿಹ್ನೆ. ಮೊದಲ ಎರಡು ಅಕ್ಷರ ಎಂ ಝಡ್ ಆಗಿದ್ದರೆ ಮಾತ್ರ ಅದು ವಿಂಡೋಸ್ ಪ್ರೋಗ್ರಾಮ್, ಹೆಸರು ಏನೇ ಇರಲಿ.

ಇದಕ್ಕೊಂದು ಅಪವಾದ ಇದೆ. ಆಟದ ಇನ್‌ಸ್ಟಾಲ್ ಫೋಲ್ಡರ್‌ನ ಬಿನ್, ವಿನ್ ಎಕ್ಸ್64 ಒಳಗೆ ಪ್ಲಗಿನ್ಸ್ ಫೋಲ್ಡರ್ ಮಾಡಿ ಡಿಎಲ್‌ಎಲ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಡ್ಯಾಶ್‌ಬೋರ್ಡ್, ಟೆಲಿಮೆಟ್ರಿ ಆ್ಯಪ್‌ಗಳಿಗೆ ಅದು ಬೇಕು. ಆದರೆ ಡಿಎಲ್‌ಎಲ್ ಪೂರ್ತಿ ಪ್ರೋಗ್ರಾಮೇ. ಬಸ್ಸಿಗೆ ಅದರ ಗೊಡವೆಯೇ ಇಲ್ಲ.

ಮಾಡ್ ಎಲ್ಲಿಂದ ತರಬೇಕು? ಸ್ಟೀಮ್ ವರ್ಕ್‌ಶಾಪ್‌ನಲ್ಲಿ (ಆಟ ಮಾರುವ ಸ್ಟೀಮ್‌ನದ್ದೇ ಮಾಡ್ ವಿಭಾಗ) ಮೊದಲು ಹುಡುಕಿ. ಸಬ್‌ಸ್ಕ್ರೈಬ್ ಒತ್ತಿದರೆ ಸಾಕು, ಫೈಲ್ ಮುಟ್ಟುವ ಕೆಲಸವೇ ಇಲ್ಲ. ಬರೀ ಕೆಎಸ್‌ಆರ್‌ಟಿಸಿ ಅಂತ ಹುಡುಕಿದರೆ ಕೇರಳದ ಬಸ್ಸುಗಳೂ ಬರುತ್ತವೆ, ಐರಾವತ, ರಾಜಹಂಸ, ಅಂಬಾರಿ ಅಂತ ಸೇರಿಸಿ. ಅಲ್ಲಿ ಸಿಗದಿದ್ದರೆ ಮಾಡ್ ಮಾಡಿದವರದ್ದೇ ಪುಟ ಹುಡುಕಿ, ಮರು ಹಂಚುವ ಚಾನೆಲ್‌ಗಳನ್ನು ಬಿಡಿ. ಬೇರೆಯವರು ತಿಂಗಳುಗಟ್ಟಲೆ ಕೂತು ಮಾಡಿದ ಬಸ್ಸಿಗೆ ತಮ್ಮ ಸೆಟಪ್ ಸುತ್ತಿ ಹಂಚುವುದು ಇಂಥ ಕಡೆಯೇ.

ಶಿರಾಡಿಘಾಟ್

ತುಂಬಾ ಧನ್ಯವಾದ ಸಾರ್, ಅಳಿಸಿದೆ. ಆದರೆ ಒಂದು ಸಮಸ್ಯೆ. ಇದೇ ಫೈಲನ್ನು ಗೆಳೆಯನೊಬ್ಬ ನಿನ್ನೆ ರಾತ್ರಿ ಅಡ್ಮಿನ್ ಕೊಟ್ಟು ಓಡಿಸಿದ್ದಾನೆ. ಏನೂ ತೆರೆಯಲಿಲ್ಲವಂತೆ. ಇವತ್ತು ಡಿಫೆಂಡರ್ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಅನ್ನುತ್ತಿದೆ. ಹಾಗಾದರೆ ಬಚಾವ್ ಅಂತ ತಿಳಿಯಬಹುದಾ?

ಕಾವಲುಗಾರ

ಇಲ್ಲ. ಈಗಲೇ ಫೋನ್ ಮಾಡಿ ಹೇಳಿ, ನಾಳೆಗೆ ಬಿಡಬೇಡಿ.

ಏನೂ ತೆರೆಯದಿರುವುದೇ ಇಂಥವುಗಳ ರೂಢಿ. ಮಾಡ್ ಹೆಸರಲ್ಲಿ ಹರಿದಾಡುವುದರಲ್ಲಿ ಹೆಚ್ಚಿನವು ಮಾಹಿತಿ ಕದಿಯುವ ಪ್ರೋಗ್ರಾಮ್‌ಗಳು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕೀಸ್, ಡಿಸ್ಕಾರ್ಡ್ ಟೋಕನ್, ಸ್ಟೀಮ್ ಲಾಗಿನ್, ಕ್ರಿಪ್ಟೋ ವಾಲೆಟ್ ಎಲ್ಲ ಬಾಚಿ ಒಂದೆರಡು ನಿಮಿಷದಲ್ಲಿ ಕಳಿಸಿಬಿಡುತ್ತವೆ, ಕೆಲವು ಆಮೇಲೆ ತಮ್ಮನ್ನೇ ಅಳಿಸಿಕೊಳ್ಳುತ್ತವೆ. ಇವತ್ತಿನ ಸ್ಕ್ಯಾನ್ ಹೇಳುವುದು ಕಳ್ಳ ಈಗ ಮನೆಯಲ್ಲಿ ಕಾಣುತ್ತಿಲ್ಲ ಅಂತ ಮಾತ್ರ. ನಿನ್ನೆ ಏನು ಹೊತ್ತೊಯ್ದ ಅಂತ ಅದಕ್ಕೆ ಗೊತ್ತಿಲ್ಲ. ಅಡ್ಮಿನ್ ಬೇರೆ ಕೊಟ್ಟಿರುವುದರಿಂದ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿಗೆ ತನ್ನ ಫೋಲ್ಡರ್ ಸೇರಿಸಿಕೊಂಡಿದ್ದರೆ ಸ್ಕ್ಯಾನ್ ಆ ಕಡೆ ತಲೆಯೂ ಹಾಕುವುದಿಲ್ಲ. ವಿಂಡೋಸ್ ಸೆಕ್ಯುರಿಟಿ, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್. ಅಲ್ಲಿ ಸಿ ಡ್ರೈವ್ ಪೂರ್ತಿಯಾಗಿಯೇ ಕೂತಿದ್ದರೂ ಆಶ್ಚರ್ಯವಿಲ್ಲ.

ಮಾಡಬೇಕಾದ್ದು, ಇದೇ ಕ್ರಮದಲ್ಲಿ:

1. ಆ ಕಂಪ್ಯೂಟರಿನ ವೈಫೈ, ಕೇಬಲ್ ತೆಗೆಯಲಿ.

2. ಮೊಬೈಲ್ ಅಥವಾ ಬೇರೆ ಕಂಪ್ಯೂಟರಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಲಿ. ಉಳಿದ ಎಲ್ಲ ಖಾತೆಯ ರೀಸೆಟ್ ಬರುವುದು ಅಲ್ಲಿಗೇ. ಅದೇ ಕಂಪ್ಯೂಟರಿನಲ್ಲಿ ಕೂತು ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ಒಪ್ಪಿಸಿದ ಹಾಗೆ.

3. ಪಾಸ್‌ವರ್ಡ್ ಬದಲಿಸಿದ ಮೇಲೆ ಎಲ್ಲ ಸಾಧನಗಳಿಂದ ಸೈನ್ ಔಟ್ ಕೊಡಲೇಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಕುಕಿ ಅಂದರೆ ಆಗಲೇ ಒಳಗೆ ಬಂದವರ ಚೀಟಿ, ಅದು ಕೈಗೆ ಸಿಕ್ಕವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಟೂ ಸ್ಟೆಪ್ ಇದೆ, ಏನೂ ಆಗಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಗೂಗಲ್, ಸ್ಟೀಮ್, ಡಿಸ್ಕಾರ್ಡ್ ಮೂರರಲ್ಲೂ ಸೆಕ್ಯುರಿಟಿ ಅಥವಾ ಡಿವೈಸಸ್ ಭಾಗದಲ್ಲಿ ಇದಕ್ಕೆ ದಾರಿ ಇದೆ. ಸ್ಟೀಮ್‌ನಲ್ಲಿ ವೆಬ್ ಎಪಿಐ ಕೀ ಪುಟವನ್ನೂ ನೋಡಲಿ, ತಾನು ಮಾಡದ ಕೀ ಇದ್ದರೆ ರದ್ದು ಮಾಡಲಿ.

4. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಅಥವಾ ಕಾರ್ಡ್ ಬ್ರೌಸರ್‌ನಲ್ಲಿ ಉಳಿಸಿದ್ದರೆ ಬ್ಯಾಂಕಿಗೆ ತಿಳಿಸಿ ಬದಲಿಸಲಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

5. ಕೊನೆಗೆ ವಿಂಡೋಸ್ ಹೊಸದಾಗಿ ಹಾಕಲಿ, ಬೇರೆ ಕಂಪ್ಯೂಟರಿನಲ್ಲಿ ಮಾಡಿದ ಪೆನ್‌ಡ್ರೈವ್‌ನಿಂದ, ಹಳೆಯ ಪಾರ್ಟಿಷನ್ ಅಳಿಸಿ. ಫೋಟೋ, ದಾಖಲೆ ಉಳಿಸಿಕೊಳ್ಳಬಹುದು. ಇಎಕ್ಸ್‌ಇ, ಜಾರ್ ಫೈಲ್ ಯಾವುದನ್ನೂ ಹಿಂದಕ್ಕೆ ತರಬಾರದು.

ಐದನೆಯದು ಅತಿಯಾಯಿತು ಅನ್ನಿಸಬಹುದು. ಅಡ್ಮಿನ್ ಕೊಡದೇ ಇದ್ದಿದ್ದರೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಸಾಕು ಅನ್ನುತ್ತಿದ್ದೆನೇನೋ. ಕೊಟ್ಟಾದ ಮೇಲೆ ಆ ವಿಂಡೋಸ್ ಹೇಳುವ ಯಾವ ಮಾತನ್ನೂ ನಂಬುವ ಹಾಗಿಲ್ಲ.

ಕೆಂಪುಕಲ್ಲು

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ‘ಇಎಕ್ಸ್‌ಇ ಇಲ್ಲ, ಹಾಗಾಗಿ ಸೇಫ್’ ಅನ್ನುವ ಸೂತ್ರ ಯೂರೋ ಟ್ರಕ್‌ಗೆ ಸರಿ, ಎಲ್ಲ ಆಟಕ್ಕೂ ಅಲ್ಲ.

ಮೈನ್‌ಕ್ರಾಫ್ಟ್ ಜಾವಾ ಮಾಡ್ ಅಂದರೆ ಜಾರ್ ಫೈಲ್, ಅದು ನೇರವಾಗಿ ಪ್ರೋಗ್ರಾಮ್. ಮಾಡ್‌ಗಳನ್ನು ಆಟಕ್ಕೆ ಸೇರಿಸುವ ಫೋರ್ಜ್ ಆಗಲಿ ಫ್ಯಾಬ್ರಿಕ್ ಆಗಲಿ ಅದಕ್ಕೆ ಬೇಲಿ ಹಾಕುವುದಿಲ್ಲ, ನಿಮ್ಮ ಖಾತೆಗೆ ಕಾಣುವ ಎಲ್ಲ ಫೈಲೂ ಅದಕ್ಕೂ ಕಾಣುತ್ತದೆ. 2023ರ ಜೂನ್‌ನಲ್ಲಿ ಫ್ರಾಕ್ಚರೈಸರ್ ಅನ್ನುವ ಮಾಲ್‌ವೇರ್ (ಕೆಡುಕಿನ ಪ್ರೋಗ್ರಾಮ್) ಹರಡಿದ್ದು ಯಾವುದೋ ಕಳ್ಳ ಪುಟದಿಂದಲ್ಲ, ಹೆಸರಾಂತ ಮಾಡ್ ತಾಣ ಕರ್ಸ್‌ಫೋರ್ಜ್‌ನಿಂದಲೇ. ಕೆಲವು ಖಾತೆಗಳು ಕಳ್ಳರ ಕೈಸೇರಿ, ಜನ ನಂಬಿದ ಮಾಡ್‌ಪ್ಯಾಕ್‌ಗಳಿಗೇ ಹೊಸ ಅಪ್‌ಡೇಟ್ ಹೆಸರಲ್ಲಿ ಸೇರಿಸಿದ್ದರು. ಕಂಪ್ಯೂಟರಿನಲ್ಲಿ ಸಿಕ್ಕ ಬೇರೆ ಜಾರ್ ಫೈಲ್‌ಗಳಿಗೂ ಅದು ಅಂಟಿಕೊಳ್ಳಲು ನೋಡುತ್ತಿತ್ತು, ಜಾರ್ ಹಿಂದಕ್ಕೆ ತರಬೇಡಿ ಅಂದದ್ದು ಅದಕ್ಕೇ. ಅಡಗಿದ್ದ ಜಾಗ ನೋಡಿ: ಲೋಕಲ್ ಆ್ಯಪ್‌ಡೇಟಾ ಒಳಗೆ ‘ಮೈಕ್ರೋಸಾಫ್ಟ್ ಎಡ್ಜ್’ ಅಂತ ನಡುವೆ ಖಾಲಿ ಜಾಗ ಬಿಟ್ಟ ಒಂದೇ ಫೋಲ್ಡರ್. ಅಸಲಿ ಎಡ್ಜ್ ಇರುವುದು ಮೈಕ್ರೋಸಾಫ್ಟ್ ಅನ್ನುವ ಫೋಲ್ಡರಿನ ಒಳಗೆ, ಎಡ್ಜ್ ಅನ್ನುವ ಬೇರೆ ಫೋಲ್ಡರ್ ಆಗಿ. ಕಣ್ಣಾಡಿಸಿದರೆ ಗೊತ್ತೇ ಆಗುವುದಿಲ್ಲ.

ಜಿಟಿಎ 5ರಲ್ಲಿ ಎಎಸ್‌ಐ ಫೈಲ್ ಅಂದರೆ ಹೆಸರು ಬದಲಿಸಿದ ಡಿಎಲ್‌ಎಲ್. 2015ರಲ್ಲಿ ಆ್ಯಂಗ್ರಿ ಪ್ಲೇನ್ಸ್, ನೋಕ್ಲಿಪ್ ಅನ್ನುವ ಎರಡು ಮಾಡ್‌ಗಳಲ್ಲಿ ಮಾಲ್‌ವೇರ್ ಸಿಕ್ಕಿತ್ತು. ಸಿಮ್ಸ್ 4ರಲ್ಲಿ ಬಟ್ಟೆ, ಪೀಠೋಪಕರಣದ ಪ್ಯಾಕೇಜ್ ಫೈಲ್ ಬರೀ ಸಾಮಾನು, ಟಿಎಸ್4ಸ್ಕ್ರಿಪ್ಟ್ ಅನ್ನುವುದು ಪೈಥಾನ್ ಪ್ರೋಗ್ರಾಮ್. ಯಾವ ಆಟವಾದರೂ ಕೇಳಬೇಕಾದ ಪ್ರಶ್ನೆ ಇದು: ಈ ಫೈಲನ್ನು ಆಟ ಓದುತ್ತದಾ, ಓಡಿಸುತ್ತದಾ?

ಓಡಿಸುವ ಜಾತಿಯದ್ದಾದರೆ ಅಪ್‌ಡೇಟ್ ಬಂದ ದಿನವೇ ಹಾಕಬೇಡಿ, ಒಂದು ವಾರ ಕಾಯಿರಿ. ಕದ್ದ ಖಾತೆಯಿಂದ ಬಂದ ಅಪ್‌ಡೇಟ್ ಅಷ್ಟರಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಜೊತೆಗೆ ಆಟಕ್ಕೆಂದೇ ವಿಂಡೋಸ್‌ನಲ್ಲಿ ಇನ್ನೊಂದು ಸ್ಟ್ಯಾಂಡರ್ಡ್ ಯೂಸರ್ ಮಾಡಿಕೊಳ್ಳಿ. ಅದರಲ್ಲಿ ಜಿಮೇಲ್, ಬ್ಯಾಂಕ್ ಯಾವುದಕ್ಕೂ ಲಾಗಿನ್ ಆಗಬೇಡಿ. ಮಾಹಿತಿ ಕದಿಯಲು ಅಡ್ಮಿನ್ ಬೇಕಾಗಿಲ್ಲ, ಆದ್ದರಿಂದ ಅದೇ ಯೂಸರ್‌ನಲ್ಲಿ ಬ್ರೌಸರ್ ಇಟ್ಟುಕೊಂಡು ಅಡ್ಮಿನ್ ಹಕ್ಕು ಮಾತ್ರ ತೆಗೆದರೆ ಉಪಯೋಗ ಕಡಿಮೆ. ಬೇರೆ ಯೂಸರ್ ಆದರೆ ನಿಮ್ಮ ಬ್ರೌಸರ್ ಫೋಲ್ಡರ್ ಅದಕ್ಕೆ ತೆರೆಯುವುದೇ ಇಲ್ಲ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂದಾಗ ಕೊಟ್ಟರೆ ಮಾತ್ರ ಈ ಗೋಡೆ ಬಿತ್ತು.

ಶಿರಾಡಿಘಾಟ್

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ, ಜಿಮೇಲ್‌ನಿಂದ ಶುರು ಮಾಡಿದ್ದಾನೆ. ವರ್ಕ್‌ಶಾಪ್‌ನಲ್ಲಿ ಒಂದು ವೋಲ್ವೋ ಬಸ್ ಸಿಕ್ಕಿತು. ಹಾಕಿದರೆ ಸೇವ್ ಗೇಮ್ ಏನಾದರೂ ಕೆಡುತ್ತದಾ?

ಗೇರ್‌ಬಾಕ್ಸ್

ಕೆಡಬಹುದು, ವೈರಸ್ ಇಲ್ಲದಿದ್ದರೂ. ಪ್ರೊಫೈಲ್‌ನಲ್ಲಿ ಸ್ಟೀಮ್ ಕ್ಲೌಡ್ ಆಯ್ಕೆ ತೆಗೆದು, ಅದೇ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಪ್ರೊಫೈಲ್ಸ್ ಒಳಗಿರುವುದನ್ನೆಲ್ಲ ಬೇರೆ ಡ್ರೈವ್‌ಗೆ ನಕಲು ಮಾಡಿ. ಉದ್ದುದ್ದ ಅಂಕಿ ಅಕ್ಷರದ ಹೆಸರು ನೋಡಿ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ, ನಿಮ್ಮ ಪ್ರೊಫೈಲ್ ಹೆಸರೇ ಹೆಕ್ಸ್‌ನಲ್ಲಿ ಹಾಗೆ ಕಾಣುವುದು.

ಮ್ಯಾನಿಫೆಸ್ಟ್‌ನಲ್ಲಿರುವ ಆವೃತ್ತಿ ನಿಮ್ಮ ಆಟದ್ದಕ್ಕಿಂತ ಹಳೆಯದಾದರೆ ಮಾಡ್ ಮ್ಯಾನೇಜರ್ ಹೊಂದುವುದಿಲ್ಲ ಅಂತ ತೋರಿಸುತ್ತದೆ. ಬಲವಂತವಾಗಿ ಹಾಕಿದರೆ ಸೌಂಡ್ ಬರದಿರುವುದು, ಗಾಜು ಕಪ್ಪಾಗುವುದು, ಕೊನೆಗೆ ಆಟವೇ ಮುಚ್ಚಿಹೋಗುವುದು ಆಗುತ್ತದೆ. ಹಾಗಾದಾಗ ಗೇಮ್ ಲಾಗ್ ಪಠ್ಯದ ಫೈಲ್ ತೆರೆದು ಕೊನೆಯಿಂದ ಮೇಲಕ್ಕೆ ಎರರ್ ಅಂತ ಹುಡುಕಿ. ಆ ಸಾಲಿನಲ್ಲಿರುವ ಫೈಲ್ ದಾರಿ ನೋಡಿದರೆ ಯಾವ ಮಾಡ್ ಅಂತ ಹೆಚ್ಚಾಗಿ ಗೊತ್ತಾಗುತ್ತದೆ. ಎರಡು ಮಾಡ್ ಒಂದೇ ಫೈಲ್ ಮುಟ್ಟಿದರೆ ಪಟ್ಟಿಯಲ್ಲಿ ಮೇಲಿರುವುದೇ ಗೆಲ್ಲುತ್ತದೆ, ಆದ್ದರಿಂದ ಬಸ್ಸನ್ನು ಮ್ಯಾಪ್‌ಗಿಂತ ಮೇಲಿಡಿ.

ಮುಂದೆ ಯಾವತ್ತಾದರೂ ಮಾಡ್ ತೆಗೆಯುವುದಾದರೆ ಮೊದಲು ಬಸ್ ಮಾರಿ, ಆಟದ್ದೇ ಒಂದು ಟ್ರಕ್ ಹತ್ತಿ, ಗ್ಯಾರೇಜ್‌ನಲ್ಲಿ ನಿಲ್ಲಿಸಿ ಸೇವ್ ಮಾಡಿ. ಆಮೇಲೆ ಮಾಡ್ ತೆಗೆಯಿರಿ.