‘ನೀವು ನೋಡೀರೇನು ಟೀಚರ್?’ ಅಂದ ಹುಡುಗನಿಗೆ ಏನು ಹೇಳಲಿ?

ಅತಿಥಿ ಟೀಚರ್, ಬಳ್ಳಾರಿ (ಶನಿವಾರ ರಾತ್ರಿ)

ಬಳ್ಳಾರಿ–ಹೊಸಪೇಟೆ ರಸ್ತೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ ನಾನು. ಸಮಾಜ ವಿಜ್ಞಾನ ಹೇಳುತ್ತೇನೆ. ಮೊನ್ನೆ ಎಂಟನೇ ಕ್ಲಾಸಿಗೆ ನವಶಿಲಾಯುಗದ ಪಾಠ ಮಾಡುವಾಗ ಕುಡತಿನಿಯ ಬೂದಿದಿಬ್ಬದ ಮಾತು ಬಂತು. ಸುಮಾರು 4000 ವರ್ಷಗಳ ಹಿಂದೆ ದನ ಸಾಕುತ್ತಿದ್ದವರು ಸಗಣಿ ಸುಟ್ಟ ಬೂದಿ ಅದು ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು, “ನಮ್ಮಜ್ಜಿ ರಾಕ್ಷಸನ್ನ ಸುಟ್ಟಿದ್ದು ಅಂತಾಳ್ರಿ” ಅಂದ. ಅದು ಬರೀ ಕತೆ ಅಂದೆ. “ನೀವು ನೋಡೀರೇನು ಟೀಚರ್?”

ನೋಡಿಲ್ಲ. ದಿನಾ ಆ ರಸ್ತೆಯಲ್ಲೇ ಬಸ್ಸಿನಲ್ಲಿ ಓಡಾಡುತ್ತೇನೆ, ಒಂದು ದಿನವೂ ಇಳಿದಿಲ್ಲ. “ಪುಸ್ತಕದಲ್ಲಿದೆ, ಕೂತ್ಕೋ” ಅಂದುಬಿಟ್ಟೆ. ಅವನು ಕೂತ. ಆ ಮುಖ ಕಣ್ಣಿಂದ ಹೋಗುತ್ತಿಲ್ಲ.

ಅವನು ಅಜ್ಜಿಯ ಮಾತು ನಂಬಿದ್ದಾನೆ, ನಾನು ಪುಸ್ತಕದ ಮಾತು ನಂಬಿದ್ದೇನೆ. ನಮ್ಮಿಬ್ಬರಿಗೂ ಏನು ವ್ಯತ್ಯಾಸ? ನಾನು ಓದಿದ್ದೆಲ್ಲ ನೋಟ್ಸ್ ಬರೆದು, ಗೈಡ್ ಉರು ಹೊಡೆದು. ಅಂಕ ಬಂದವು. ಒಂದು ವಿಷಯ ನಿಜವೋ ಅಲ್ಲವೋ ಅಂತ ನಾನೇ ಯೋಚಿಸಿ ತೀರ್ಮಾನಿಸಿದ್ದು ನೆನಪಿಲ್ಲ. ಈಗ ಅದನ್ನು ಕಲಿಯುವುದು ಹೇಗೆ? ದಯವಿಟ್ಟು ನಿಮ್ಮ ಅನುಭವದಿಂದ ಹೇಳಿ.

ಗಿರಣಿ ಬಾಯ್ಲರ್, ಸಿರುಗುಪ್ಪ (ಭಾನುವಾರ ಬೆಳಿಗ್ಗೆ)

ತಂಗಿ, ನಾನು ಪಿಯುಸಿಗೆ ಓದು ಬಿಟ್ಟವನು. 22 ವರ್ಷ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿದ್ದೇನೆ. ಆದರೆ ಆ ಬೂದಿದಿಬ್ಬದ ಹಿಂದೆ ನಾನೂ ಬಿದ್ದಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗನನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಅಲ್ಲಿಂದ ಕುಡತಿನಿಗೂ ಹೋದೆವು. ದಿಬ್ಬದಲ್ಲಿ ಬೂದಿಯ ಜೊತೆ ಕರಗಿ ಗಟ್ಟಿಯಾದ ಗಡ್ಡೆಗಳಿವೆ. ಗುಳ್ಳೆ ಗುಳ್ಳೆ, ಗಾಜಿನ ಹೊಳಪು. (ಹೋದರೆ ಒಂದು ಚೂರೂ ಎತ್ತಿಕೊಂಡು ಬರಬೇಡಿ. ಇಂಥ ಎಷ್ಟೋ ದಿಬ್ಬಗಳ ಬೂದಿ ಗೊಬ್ಬರ ಅಂತ ಹೊಲ ಸೇರಿ ಹೋಗಿದೆ.) ನೋಡಿದ ಕೂಡಲೇ ನನಗೆ ನಮ್ಮ ಬಾಯ್ಲರಿನ ಒಲೆ ನೆನಪಾಯಿತು. ಭತ್ತದ ಹೊಟ್ಟು ಉರಿಸುವಾಗ ಉರಿ ಮಿತಿಮೀರಿದರೆ ಬೂದಿ ಹೀಗೇ ಕಟ್ಟಿಕೊಳ್ಳುತ್ತಿತ್ತು, ಸಲಾಕಿ ಹಾಕಿ ಒಡೆಯಬೇಕಿತ್ತು.

ಆಮೇಲೆ ಓದಿದೆ. ಈ ದಿಬ್ಬಗಳ ಬಗ್ಗೆ ದೊಡ್ಡವರೂ ಏನೇನೋ ಹೇಳಿದ್ದಾರೆ. ಜ್ವಾಲಾಮುಖಿ ಅಂದವರಿದ್ದರು, ಕಬ್ಬಿಣ ಕರಗಿಸಿದ ಕಿಟ್ಟ ಅಂದವರಿದ್ದರು, ಬಲಿ ಕೊಟ್ಟು ಸುಟ್ಟ ಜಾಗ ಅಂದವರೂ ಇದ್ದರು. ಎಲ್ಲರೂ ಓದಿದವರೇ. ಆ ಮ್ಯೂಸಿಯಂಗೆ ಹೆಸರಿಟ್ಟಿರುವ ಭೂವಿಜ್ಞಾನಿ ಫೂಟ್ ಮಾತ್ರ ದನದ ದೊಡ್ಡಿ, ಸುಟ್ಟ ಸಗಣಿ ಅಂದರು. 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞರು ಉಟ್ನೂರಿನ ಇಂಥದೇ ದಿಬ್ಬ ಅಗೆಸಿದಾಗ ದೊಡ್ಡಿಗೆ ನೆಟ್ಟ ಕಂಬದ ಕುಳಿಗಳು, ದನದ ಗೊರಸಿನ ಗುರುತುಗಳು ಸಿಕ್ಕವು. ಜಾಯ್ನರ್ ಎಂಬ ವಿಜ್ಞಾನಿ ಕುಡತಿನಿಯ ಬೂದಿಯನ್ನೇ ಪರೀಕ್ಷೆ ಮಾಡಿ ಸಗಣಿಯದೇ ಅಂದರು. ಹುಲ್ಲು ನೆಲದಿಂದ ಸಿಲಿಕಾ (ಮರಳಿನಲ್ಲಿರುವ ವಸ್ತು) ಹೀರುತ್ತದೆ, ಅದು ದನಕ್ಕೆ ಅರಗುವುದಿಲ್ಲ, ಸಗಣಿಯಲ್ಲೇ ಬರುತ್ತದೆ, ಜೋರು ಉರಿಗೆ ಕರಗಿ ಗಾಜಾಗುತ್ತದೆ. ಹೊಟ್ಟಿನದೂ ಇದೇ ಕತೆ: ನೂರು ಕಿಲೋ ಸುಟ್ಟರೆ ಸುಮಾರು 20 ಕಿಲೋ ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ.

ಇಷ್ಟು ಓದಿ ಸುಮ್ಮನಿದ್ದರೆ ನಾನೂ ಉರು ಹೊಡೆದ ಹಾಗೇ ಅಲ್ಲವೇ? ಮನೆಯ ಒಲೆಯಲ್ಲಿ ಕುಳ್ಳು ಸುಟ್ಟು ನೋಡಿದೆ. ಮೆತ್ತನೆ ಬೂದಿ, ಗಾಜು ಗೀಜು ಏನೂ ಇಲ್ಲ. ಪುಸ್ತಕ ಸುಳ್ಳು ಅಂತ ಒಂದು ತಿಂಗಳು ಕಂಡಕಂಡವರಿಗೆಲ್ಲ ಹೇಳಿದೆ. ದೊಡ್ಡವರ ತಪ್ಪು ಹಿಡಿದೆ ಅನ್ನುವ ಖುಷಿ ಬೇರೆ. ಗಿರಣಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಒಂದೇ ಮಾತು ಅಂದರು: “ಒಲಿ ಉರಿಗೂ ಭಟ್ಟಿ ಉರಿಗೂ ಒಂದೇ ತಕ್ಕಡಿ ಹಿಡಿತೀಯೇನೋ?” 22 ವರ್ಷ ಬೆಂಕಿ ಮುಂದೆ ನಿಂತ ನನಗೆ ಅದು ಹೊಳೆದಿರಲಿಲ್ಲ.

ಕಮ್ಮಾರರ ಕುಲುಮೆಗೆ ಹೋದೆ. ಇದ್ದಿಲ ಮೇಲೆ ಕುಳ್ಳು ಪುಡಿಮಾಡಿ ಹಾಕಿ ತಿದಿ ಒತ್ತಿದೆವು. ಆರಿದ ಮೇಲೆ ಕಡಲೆಕಾಳು ಗಾತ್ರದ ಕರಿ ಹೊಳಪಿನ ಉಂಡೆಗಳು ಸಿಕ್ಕವು. ಕಮ್ಮಾರರು ಬಿಡಲಿಲ್ಲ. “ಇದು ಇದ್ದಿಲಿಂದಲೇ ಬಂದಿರಬೇಕು, ಕುಳ್ಳು ಹಾಕದೇ ಒಮ್ಮೆ ಉರಿಸು” ಅಂದರು. ಉರಿಸಿದೆವು. ಏನೂ ಬರಲಿಲ್ಲ. ಅವತ್ತು ನನಗೆ ನಿದ್ದೆ ಬರಲಿಲ್ಲ ತಂಗಿ, ಅಷ್ಟು ಸಂತೋಷ.

ಆ ಹುಡುಗನಿಗೆ “ನಾನೂ ನೋಡಿಲ್ಲ, ನಡಿ ಹೋಗಿ ನೋಡೋಣ” ಅನ್ನಿ. ಅವರ ಅಜ್ಜಿಯನ್ನು ಮಾತ್ರ ಹಗುರ ಮಾಡಬೇಡಿ. ಜ್ವಾಲಾಮುಖಿ ಅಂದ ಸಾಹೇಬರಿಗಿಂತ, ಅದು ಮನುಷ್ಯರ ಕತೆಯೊಳಗೆ ಸೇರಬೇಕಾದ ಬೆಂಕಿ ಅಂತ ತಿಳಿದ ಅಜ್ಜಿಯರು ಸತ್ಯಕ್ಕೆ ಹತ್ತಿರವೇ ಇದ್ದರು.

ಮಸ್ಕಿಯವ (ಭಾನುವಾರ ಮಧ್ಯಾಹ್ನ)

ಅಣ್ಣಾರ ಮಾತು ಹಿಡಿಸಿತು, ಆದರೆ ಒಂದು ತಕರಾರಿದೆ. ಎಲ್ಲವನ್ನೂ ಕುಲುಮೆಗೆ ಹಾಕಿ ನೋಡಲು ಆಗುವುದಿಲ್ಲ. ನಾನು ಇತಿಹಾಸ ಓದುವವನು, ಅಶೋಕನನ್ನು ಎಲ್ಲಿ ಸುಟ್ಟು ನೋಡಲಿ? ಯಾರನ್ನಾದರೂ ನಂಬಲೇಬೇಕು.

ಶಾಸನಗಳಲ್ಲಿ ಇದ್ದದ್ದು ‘ದೇವಾನಾಂಪಿಯ ಪಿಯದಸಿ’ ಅಂತ. 1837ರಲ್ಲಿ ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲು ಅವನನ್ನು ಸಿಂಹಳದ ರಾಜ ಅಂದುಕೊಂಡರು. ಅಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ನೋಡಿ, ಅದು ಅಶೋಕನ ಬಿರುದು ಅಂತ ತಿಳಿಸಿದರು. ಪ್ರಿನ್ಸೆಪ್ ತಮ್ಮ ಮಾತು ಬಿಟ್ಟು ಅದನ್ನು ಒಪ್ಪಿದರು. ಆಮೇಲೆ 78 ವರ್ಷ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ನಮ್ಮ ಮಸ್ಕಿಯ ಬಂಡೆ ಕಂಡಿತು, ಅದರಲ್ಲಿ ‘ಅಸೋಕಸ’ ಅಂತ ಹೆಸರೇ ಇತ್ತು. ಅಲ್ಲಿಯವರೆಗೆ ನಂಬಿದವರೇನು ದಡ್ಡರಲ್ಲ. ‘ಇಂಥ ಕಾರಣಕ್ಕೆ ಹೀಗೆ ಹೇಳುತ್ತೇನೆ’ ಅಂತ ಬಿಚ್ಚಿ ತೋರಿಸಿದವರ ಮಾತು ನಂಬಿದ್ದರು. ಟೀಚರ್, ನೀವು ಪುಸ್ತಕ ನಂಬಿದ್ದು ತಪ್ಪಲ್ಲ. ಪುಸ್ತಕಕ್ಕೆ ಹೇಗೆ ಗೊತ್ತಾಯಿತು ಅಂತ ಹುಡುಗನಿಗೆ ಹೇಳಲಿಕ್ಕೆ ಆಗಲಿಲ್ಲವಲ್ಲ, ಕೊರತೆ ಅಷ್ಟೇ.

ಅತಿಥಿ ಟೀಚರ್, ಬಳ್ಳಾರಿ (ಬುಧವಾರ ಸಂಜೆ)

ಇವತ್ತು ಶಾಲೆ ಬಿಟ್ಟ ಮೇಲೆ ಕುಡತಿನಿಯಲ್ಲಿ ಇಳಿದೆ. ಎಷ್ಟೋ ಹೊತ್ತು ನಿಂತಿದ್ದೆ. ನಿನ್ನೆ ಕ್ಲಾಸಿನಲ್ಲಿ, ಅವತ್ತು ಕೂತ್ಕೋ ಅಂದದ್ದು ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಹೇಳಿ, ಅಣ್ಣಾರು ಬರೆದದ್ದನ್ನು ಪೂರ್ತಿ ಓದಿದ್ದೆ. ಹುಡುಗ ಸುಮ್ಮನೆ ಕೇಳಿ, ಕೊನೆಗೆ ಎದ್ದ: “ಕುಳ್ಳು ನೆಲಕ್ಕ ತಟ್ಟಿದ್ದೇನ್ರಿ? ಹಂಗಾದ್ರ ಮಣ್ಣು ಮೆತ್ತಿರತೈತಿ. ಕರಗಿದ್ದು ಮಣ್ಣಿರಬಹುದಲ್ಲ?” ಇನ್ನೊಂದು: ಸಗಣಿ ಅಂದ್ರೆ ಗೊಬ್ಬರ, ಹೊಲಕ್ಕೆ ಹಾಕೋದು ಬಿಟ್ಟು ಯಾಕೆ ಸುಟ್ಟರು?

ಗಿರಣಿ ಬಾಯ್ಲರ್, ಸಿರುಗುಪ್ಪ (ಬುಧವಾರ ರಾತ್ರಿ)

ನೆಲಕ್ಕೇ ತಟ್ಟಿದ್ದು ತಂಗಿ. ಮಣ್ಣಿನ ವಿಚಾರ ನನಗೂ ಹೊಳೆಯಲಿಲ್ಲ, ಕಮ್ಮಾರರಿಗೂ ಹೊಳೆಯಲಿಲ್ಲ. ಯಾಕೆ ಸುಟ್ಟರು ಅನ್ನುವುದರಲ್ಲಿ ಪಂಡಿತರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆಲ್ಚಿನ್ ಅದನ್ನು ನಮ್ಮ ದನದ ಹಬ್ಬಗಳ ಬೆಂಕಿಗೆ ಹೋಲಿಸಿದರು, ಬೇರೆಯವರು ಬೇರೆ ಹೇಳುತ್ತಾರೆ. ಅದನ್ನು ಅವನಿಗೆ ಹಾಗೇ ಹೇಳಿ.

ಮಣ್ಣಿನದು ನೋಡಿಬಿಡೋಣ. ನಾಳೆಯಿಂದ ತಗಡಿನ ಮೇಲೆ ಸಗಣಿ ಒಣಗಿಸುತ್ತೇನೆ, ನೆಲ ಸೋಕದ ಹಾಗೆ. ಬರೀ ಮಣ್ಣನ್ನೂ ಒಂದು ಸಲ ಬೇರೆಯಾಗಿ ಉರಿಗೆ ಹಾಕಬೇಕು. ಅಮಾವಾಸ್ಯೆ ದಿನ ಕುಲುಮೆ ಖಾಲಿ ಇರುತ್ತದೆ. ಹುಡುಗನನ್ನು ಕರೆದುಕೊಂಡು ಬನ್ನಿ, ಅವರ ಅಜ್ಜಿ ಬರುತ್ತೇನೆ ಅಂದರೆ ಅವರನ್ನೂ. ತಿದಿ ಒತ್ತಲಿಕ್ಕೆ ಇನ್ನೊಂದು ಕೈ ಬೇಕು.